ಐದು ಗಂಟೆಯ ಕೊರಿಯರ್ ವ್ಯಾನು

ಫ್ರೆಸ್ನೋದ ಕೊರಿಯರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನೋಟರಿಗಳಿದ್ದರು, ಮನೆಮನೆಗೆ ಹೋಗಿ ಸಾಲದ ಪತ್ರಗಳಿಗೆ ಸಹಿ ಹಾಕಿಸಿ ಮೊಹರು ಒತ್ತುವವರು. ಅವತ್ತು ಸಹಿ ಹಾಕಿಸಿದ ಪತ್ರಗಳ ದಪ್ಪ ಲಕೋಟೆ ಹಿಡಿದ ವರ್ಲೀನ್ ಗೆಳೆಯ ಒಸ್ವಾಲ್ಡೊನಿಗೆ ಹೇಳುತ್ತಿದ್ದಳು.

"ಏಪ್ರಿಲ್‌ನಿಂದ ಮೂರು ಕೆಲಸದ ದುಡ್ಡು ಕೊಟ್ಟಿಲ್ಲ ಕಣೋ, ನಂಗೆ ಕೆಲಸ ಕೊಡೋ ಆ ಕಂಪನಿ."

"ಮತ್ತೆ ಇವತ್ತಿನದು ಯಾಕಕ್ಕ ಒಪ್ಕೊಂಡೆ?"

"ಹೆಸರು ಬದಲಾಯಿಸ್ಕೊಂಡು ಫೋನ್ ಮಾಡಿದ್ರು. ಸಹಿ ಆದ್ಮೇಲೆ ಗೊತ್ತಾಯ್ತು, ಅದೇ ಮ್ಯಾನೇಜರ್."

"ಐದಕ್ಕೆ ವ್ಯಾನ್ ಹೊರಡುತ್ತೆ. ಪತ್ರ ತಡೆದಿಟ್ರೆ ನಿನ್ ಲೈಸೆನ್ಸೇ ಹೋಗುತ್ತೆ."

"ತಡೆದಿಟ್ಟಿಲ್ಲಪ್ಪ, ಸಾಲಲ್ಲೇ ನಿಂತಿದೀನಿ. ಆ ಮ್ಯಾನೇಜರ್‌ಗೂ ಹಂಗೇ ಹೇಳಿದೀನಿ, ಹಳೇ ದುಡ್ಡೂ ನೆನಪಿಸಿದೀನಿ." ನನ್ನತ್ತ ತಿರುಗಿದಳು. "ನೀವು ಮುಂದೆ ಹೋಗಿ ಸರ್."

ಹಾಗೆ ಅವಳನ್ನು ದಾಟಿದ ಐದನೆಯವನು ನಾನು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳ ಫೋನು ಸದ್ದು ಮಾಡಿತು.

"ಬಂತಾ ಅಕ್ಕ?"

"ಮುನ್ನೂರ ಎಪ್ಪತ್ತೈದು ಡಾಲರ್. ಪೂರ್ತಿ."

ಆಮೇಲೆ ನನ್ನ ಭುಜ ತಟ್ಟಿದಳು.

"ಸ್ವಲ್ಪ ಜರುಗಿ ಸರ್, ನಾನು ನಿಮಗಿಂತ ಮುಂಚೆ ಬಂದವಳು."