ಒಂದೊಂದೇ ತಂದರೆ

ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಇಬ್ಬರು ಕೂತಿದ್ದರು. ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಜನರನ್ನು ಕರೆಯಲು ತಮ್ಮನು ಮೊಬೈಲಿನಲ್ಲಿ ಸಂದೇಶ ಬರೆಯುತ್ತಿದ್ದ.

“ಉಡುಗೊರೆ ಬೇಡ ಅಂತ ಹಾಕೋ.”

“ಹಾಕಿದೀನಕ್ಕ. ಆಶೀರ್ವಾದವೇ ಉಡುಗೊರೆ ಅಂತ.”

“ಅದು ಎಲ್ಲಾ ಮದುವೆ ಕಾಗದದಲ್ಲೂ ಇರುತ್ತೆ. ಓದ್ಕೊಂಡು, ಕೈಯಲ್ಲಿ ಡಬ್ಬಾ ಹಿಡ್ಕೊಂಡೇ ಬರ್ತಾರೆ.”

“ಬರೀ ಬೇಡ ಅಂದ್ರೆ ನಮಗೆ ಕೊಬ್ಬು ಅಂತಾರೆ.”

“ಅನ್ಲಿ ಬಿಡು. ಅವಳಿ ಮಕ್ಕಳು ಅಂತ ಹೋದ್ವರ್ಷ ಎಲ್ಲಾರೂ ಜೋಡಿ ಜೋಡಿ ತಂದಿದ್ರು. ಈ ಸಲ ಒಂದೊಂದೇ ತಂದ್ರೆ, ಅಣ್ಣಂದೆಲ್ಲಿ ಅಂತಾಳೆ.”

“ಅವನು ಹೋದ್ಮೇಲೂ ಕೇಳ್ತಾಳಾ?”

“ಬಿಸ್ಕತ್ತು ಕೊಟ್ರೂ ಎರಡು ಕೈ ಚಾಚ್ತಾಳೆ.”

ತಮ್ಮ ಸ್ವಲ್ಪ ಹೊತ್ತು ಬೆರಳಾಡಿಸಿ, ಬರೆದದ್ದನ್ನು ಓದಿದ.

“ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ತಪ್ಪದೆ ಬನ್ನಿ. ದಯವಿಟ್ಟು ಏನೂ ತರಬೇಡಿ, ಬರಿಗೈಯಲ್ಲೇ ಬನ್ನಿ.”

“ಮಕ್ಕಳ ಅಂತ ಇದ್ಯಾ?”

“ಹೋದ್ವರ್ಷದ್ದನ್ನೇ ತಿದ್ದಿದ್ದಕ್ಕ. ನೋಡ್ಲಿಲ್ಲ.”

“ಮಗಳ ಅಂತ ಮಾಡು.”

ಅವನು ಮೊಬೈಲ್ ನೋಡುತ್ತಲೇ ಕೂತ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು.

“ಮಾಡಿದ್ಯೇನೋ?”

“ಕೈ ಬರ್ತಿಲ್ಲಕ್ಕ.”

“ಕೊಡಿಲ್ಲಿ.”

ಆಕೆ ಚೀಲವನ್ನು ಹೆಗಲಿಗೇರಿಸಿ, ನಿಂತಲ್ಲೇ ಒಂದಕ್ಷರ ತಿದ್ದಿ, ಮೊಬೈಲನ್ನು ಅವನ ಕೈಗೆ ಕೊಟ್ಟು ಬಸ್ಸು ಹತ್ತಿದಳು. ಅವನೂ ಹಿಂದೆಯೇ ಹತ್ತಿದ.