ಯಮನೂರಕ್ಕನ ಎರಡು ಡಬ್ಬಿ

ಸಿಂಧನೂರಿನ ಅಂಚೆ ಕಚೇರಿಯ ಸಾಲು ಅಲುಗುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಮುಂದೆ ಬಟ್ಟೆ ಸುತ್ತಿ ಹೊಲಿದ ಗಂಟು ಹಿಡಿದು ನಿಂತಿದ್ದ ಹೆಂಗಸಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಅವಳ ಜೊತೆಗಾತಿ ಕೇಳಿದಳು:

“ಯಮನೂರಕ್ಕ, ಮಿಲಿಟ್ರ್ಯಾಗಿರೋ ಮಗಗ ಏನು ಕಳಸಾಕತ್ತಿ?”

“ಶೇಂಗಾ ಚಟ್ನಿ. ಎರಡು ಡಬ್ಬಿ.”

“ಒಬ್ಬಗ ಎರಡು ಯಾಕ?”

“ಒಂದು ಗಡಿ ಆಚೆ ಇರೋರಿಗೆ.”

“ಯವ್ವಾ! ಹೋದ ವರ್ಷ ನಿನ್ನ ಮಗನ ಮ್ಯಾಲೆ ಗುಂಡು ಹಾರಿಸಿದೋರಿಗಾ?”

“ಹೂಂ, ಅವರಿಗೇ. ಈಗ ಎರಡೂ ಕಡೆಯವ್ರು ತಿಂಗಳಿಗೊಮ್ಮೆ ಕುಂತು ಮಾತಾಡ್ತಾರ. ಆರು ತಿಂಗಳಾತು, ಒಂದು ಗುಂಡಿನ ಸಪ್ಪಳಿಲ್ಲ.”

“ಅದಕ್ಕ ಚಟ್ನಿ ಯಾಕ?”

“ಹೋದ ಸಲ ಊಟಕ್ಕ ಕುಂತಾಗ ನನ್ನ ಮಗ ನಮ್ಮ ಚಟ್ನಿ ಇಟ್ಟಾನ. ಆ ಕಡೆ ಸಾಹೇಬ ತಿಂದು, ಖಾರ ಹತ್ತಿ ಕಣ್ಣಾಗ ನೀರು ಬಂದು, ಅರ್ಧ ತಾಸು ಮಾತೇ ಆಡಲಿಲ್ಲಂತ.”

“ಹಂಗಾದ್ರ ಕಳಸಬ್ಯಾಡ ಬಿಡು.”

“ಮತ್ತ ಬೇಕಂತ ಅವನೇ ಕೇಳ್ಯಾನ!”

ಅವಳ ಸರದಿ ಬಂತು. ಗಂಟು ತೂಗಿಸಿ, ರಸೀದಿಯನ್ನು ಸೆರಗಿಗೆ ಕಟ್ಟಿಕೊಂಡು, ನಗುತ್ತ ಬಾಗಿಲ ಕಡೆ ನಡೆದಳು.

“ಆ ಕಡೆಯವರ ಡಬ್ಬಿಗೆ ಈ ಸಲ ಖಾರ ಕಮ್ಮಿ ಹಾಕೀನಿ. ಮಾತಾಡೋ ಬಾಯಿ, ಉರೀಬಾರ್ದು.”