ಮ್ಯಾನೇಜರ್ ರೂಮಿನ ಮರಳು

ಸಿಮೆಂಟ್ ಕಾರ್ಖಾನೆ ಕೆಡವಿದ ಜಾಗದಲ್ಲಿ ಈಗ ಎಲ್ಲರೂ ಆಡಬಹುದಾದ ಗಾಲ್ಫ್ ಮೈದಾನವಿದೆ. ಸರದಿಯಲ್ಲಿ ನನ್ನ ಮುಂದಿದ್ದವರು ಆ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದ ಭಾವ-ಮೈದುನ. ಭಾವ ಹೊಡೆದ ಚೆಂಡು ಹುಲ್ಲು ದಾಟಿ ಮರಳಿನ ಗುಂಡಿಗೆ ಬಿತ್ತು.

“ಭಾವ, ಮತ್ತೆ ಮ್ಯಾನೇಜರ್ ರೂಮ್ ಇದ್ದ ಜಾಗಕ್ಕೇ ಹಾಕಿದ್ರಲ್ಲ!”

“ಬೇಕಂತಲೇ ಹಾಕಿದ್ದು ಕಣೋ.”

“ಹಿಂಗಾದ್ರೆ ಇವತ್ತೂ ನೀವೇ ಸೋಲೋದು.”

“ಸೋತರೆ ಸೋಲ್ತೀನಿ ಬಿಡು. ನಾನು ಆಗ ಯೂನಿಯನ್ ಲೀಡರ್. ಆ ಮನುಷ್ಯ ಒಂದು ದಿನ ಆದ್ರೂ ನನ್ನನ್ನ ಒಳಗೆ ಬಿಟ್ಕೊಂಡಿದ್ನಾ? ಬಾಗಿಲಲ್ಲೇ ನಿಲ್ಲಿಸಿ ಸಾಗಹಾಕ್ತಿದ್ದ.”

“ಅದಕ್ಕೆ?”

“ಅದಕ್ಕೇ ಈಗ ದಿನಾ ನುಗ್ತೀನಿ. ಕೈಯಲ್ಲಿ ದೊಣ್ಣೆ ಬೇರೆ ಇದೆ. ಮರಳೆಲ್ಲ ಎರಚಾಡಿ ಬರ್ತೀನಿ, ಯಾರು ಕೇಳ್ತಾರೆ?”

“ನಿನ್ನೆ ನೋಡಿದ್ನಲ್ಲ ನಿಮ್ಮ ಶೌರ್ಯ.”

“ಏನೋ ನೋಡ್ದೆ?”

“ಏನಿಲ್ಲ, ನಡೀರಿ.”

ಭಾವ ಎದೆಯುಬ್ಬಿಸಿಕೊಂಡೇ ಹೊರಟರು. ಗುಂಡಿಯ ಅಂಚಿಗೆ ಬಂದವರು ಗಕ್ಕನೆ ನಿಂತರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬೂಟಿನ ತಳವನ್ನು ಹುಲ್ಲಿಗೆ ಒರೆಸಿ, ಮೆಲ್ಲಗೆ ಕೆಮ್ಮಿದರು.

ಹಿಂದಿನಿಂದ ಮೈದುನ ದನಿ ದಪ್ಪ ಮಾಡಿ ಕೂಗಿದರು: “ಹೂಂ, ಬನ್ನಿ ಒಳಗೆ!”

ಆಮೇಲೇ ಭಾವ ಗುಂಡಿಗೆ ಇಳಿದದ್ದು.